ಬೀರುವಿನ ಬೀಗ, ಟೀಚರ ನಿದ್ದೆ

ನನ್ನ ಹತ್ತಿರ ಸಲಹೆಗೆ ಬಂದವರು ಚಿಕ್ಕಬಳ್ಳಾಪುರ ಜಿಲ್ಲೆಯ ಗಡಿಭಾಗದ ಸರ್ಕಾರಿ ಶಾಲೆಯೊಂದರ ನಲಿ-ಕಲಿ (ಚಿಕ್ಕ ತರಗತಿಯ ಮಕ್ಕಳು ಕಾರ್ಡು, ಚಟುವಟಿಕೆಗಳಿಂದ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ) ಟೀಚರ್. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಹೇಳಿಕೊಂಡಿದ್ದು ತಲೆನೋವು, ರಾತ್ರಿ ನಿದ್ದೆ ಇಲ್ಲ, ಭಾನುವಾರ ಸಂಜೆಯಾದರೆ ಎದೆ ಢವಢವ. ಮನೆಯಲ್ಲಿ ಜಗಳವಿಲ್ಲ, ಸಾಲವಿಲ್ಲ. ಮಕ್ಕಳ ಬಗ್ಗೆ ಕೇಳಿದರೆ ಮುಖ ಅರಳುತ್ತದೆ. ಕಲಿಕಾ ಸಾಮಗ್ರಿಯ ಮಾತು ಬಂದಾಗ ಅತ್ತುಬಿಟ್ಟರು.

ಒಂದರಿಂದ ಮೂರನೇ ತರಗತಿವರೆಗೆ ಒಂದೇ ಕೋಣೆ. ಕಾರ್ಡು, ಮಣಿ, ಗಣಿತ ಕಿಟ್ಟು, ಎಲ್ಲಕ್ಕೂ ದಾಸ್ತಾನು ಪುಸ್ತಕದಲ್ಲಿ ಅವರದೇ ಸಹಿ. ಒಂದು ಡೈಸ್ ಕಳೆದರೂ ನಾನೇ ಉತ್ತರ ಕೊಡಬೇಕು ಅನ್ನೋ ಭಯ. ಹಾಗಾಗಿ ಎಲ್ಲವೂ ಬೀರುವಿನೊಳಗೆ. ಬೆಳಿಗ್ಗೆ ತಾವೇ ತೆಗೆದು ಹಂಚೋದು, ಸಂಜೆ ತಾವೇ ಎಣಿಸಿ ಬೀಗ ಹಾಕೋದು. ಅಷ್ಟರಲ್ಲಿ ಊರಿನ ಬಸ್ಸು ಹೋಗಿರುತ್ತಿತ್ತು.

ಮೈಸೂರು ಜಿಲ್ಲೆಯ ಎಚ್‌.ಡಿ. ಕೋಟೆಯಲ್ಲಿ 1995ರಲ್ಲಿ ನಲಿ-ಕಲಿ ಶುರುವಾದಾಗ ಅಲ್ಲಿನ ಶಿಕ್ಷಕರು ನೋಡಿ ಕಲಿತದ್ದು ಈ ಟೀಚರ್ ಇರುವ ಗಡಿಯಾಚೆಗಿನ, ಆಂಧ್ರದ ಋಷಿವ್ಯಾಲಿಯ ಹಳ್ಳಿಶಾಲೆಗಳಿಂದ. ಮಗು ಕಲಿಕಾ ಏಣಿಯಲ್ಲಿ, ಅಂದರೆ ಕಲಿಕೆಯ ಹಂತಗಳನ್ನು ಗುರುತುಗಳಲ್ಲಿ ತೋರಿಸುವ ಗೋಡೆಯ ಪಟದಲ್ಲಿ, ತನ್ನ ಮೆಟ್ಟಿಲು ನೋಡಿ, ಆ ಗುರುತಿನ ಕಾರ್ಡನ್ನು ತಾನೇ ಎತ್ತಿಕೊಳ್ಳಬೇಕು. ಬೀಗದ ಕೈ ಟೀಚರ್ ಹತ್ತಿರವೇ ಇದ್ದರೆ ಆ ಏಣಿ ಸುಮ್ನೆ ಗೋಡೆಗೆ ಅಲಂಕಾರ, ಅಲ್ವಾ?

ಕಾವಲು ಕೆಲಸ ಮಕ್ಕಳಿಗೆ ಬಿಡಿ ಎಂದೆ. ಆದರೆ ಅದಕ್ಕೂ ಮುಂಚೆ ಹೆಡ್‌ಮೇಷ್ಟ್ರ ಜೊತೆ ಕೂತು ಲೆಕ್ಕ ಬೇರೆ ಮಾಡಿಕೊಳ್ಳಿ. ಕಿಟ್ಟು ಒಂದು ಪಟ್ಟಿ. ಸವೆಯುವ ಕಾರ್ಡು, ಬೀಜ, ಮಣಿ ಇನ್ನೊಂದು. ಹರಿದದ್ದು, ಕಳೆದದ್ದನ್ನು ತಿಂಗಳಿಗೊಮ್ಮೆ ಬರೆದು ಇಬ್ಬರೂ ಸಹಿ ಹಾಕಿ. ಭಯ ಇರೋದು ಆ ಪುಸ್ತಕದಲ್ಲಿ. ಅದು ಹಾಗೇ ಇದ್ದರೆ ಎಷ್ಟು ಚೆಂದ ಜೋಡಿಸಿದರೂ ನಾಳೆ ಮತ್ತೆ ಬೀಗ ಬೀಳುತ್ತದೆ.

ಆಮೇಲೆ ಈ ವಾರಕ್ಕೆ ಬೇಕಾದಷ್ಟನ್ನೇ ಹೊರಗಿಡಿ, ಮಕ್ಕಳ ಕೈಗೆಟುಕುವ ಎತ್ತರದಲ್ಲಿ. ಜಾಸ್ತಿ ಇಟ್ಟರೆ ಚೆಲ್ಲಾಪಿಲ್ಲಿ. ಶಾಲೆಗೆ ಬರುವ ಮೊಟ್ಟೆಯ ಟ್ರೇ ಎಸೆಯಬೇಡಿ. ಮೂವತ್ತು ಗುಳಿಯ ಟ್ರೇಯನ್ನು ಎರಡೆರಡು ಸಾಲಿಗೆ ಕತ್ತರಿಸಿದರೆ ಹತ್ತು ಗುಳಿಯ ಮೂರು ತುಂಡು. ಗುಳಿಗೊಂದು ಹುಣಸೆ ಬೀಜ. ಒಂದು ಕಮ್ಮಿಯಾದರೆ ಎಣಿಸೋದೇ ಬೇಡ, ಖಾಲಿ ಗುಳಿ ಕಾಣುತ್ತದೆ. ಹತ್ತರ ಕಟ್ಟಿನ ಪಾಠವೂ ಅಲ್ಲೇ ಆಯಿತು. ರೇಷ್ಮೆ ಮನೆಗಳಲ್ಲಿ ಹಳೆ ಚಂದ್ರಿಕೆ (ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ) ಮೂಲೆಯಲ್ಲಿ ಬಿದ್ದಿರುತ್ತೆ. ಒಂದನ್ನು ಕೇಳಿ ತಂದು ಗೋಡೆಗೆ ಕಟ್ಟಿದರೆ ಕಾರ್ಡು ಸಿಕ್ಕಿಸಲು ಬೇರೆ ಸ್ಟ್ಯಾಂಡ್ ಬೇಡ. ಬಿದಿರಿನ ಸಿಬಿರು ಚುಚ್ಚದಂತೆ ಅಂಚಿಗೆ ಬಟ್ಟೆ ಸುತ್ತಿ.

ಡಬ್ಬದ ಮೇಲೆ ಬರೀ ಹೆಸರು ಬರೆದರೆ ಸಾಲದು. ಒಂದನೇ ತರಗತಿಯವರಿಗೆ ಇನ್ನೂ ಓದು ಬಾರದು, ಅರ್ಧ ಮಕ್ಕಳ ಮನೆಮಾತು ತೆಲುಗು. ಒಳಗಿರುವ ಸಾಮಾನಿನ ಒಂದು ತುಂಡನ್ನೇ ಮುಚ್ಚಳಕ್ಕೆ ಅಂಟಿಸಿ. ಕೊನೆಯ ಹತ್ತು ನಿಮಿಷ ಜೋಡಿಸಲು ಬಿಡಿ. ವಿಂಗಡಿಸೋದೂ ಗಣಿತವೇ, ಪಾಠ ಹಾಳಾಯಿತು ಅಂತ ಕೊರಗಬೇಡಿ. ಎಲ್ಲಿಯದೋ ಗೊತ್ತಾಗದ ಚೂರುಗಳಿಗೆ ಒಂದು ಬೇರೆ ಡಬ್ಬ. ಶನಿವಾರ ಮಕ್ಕಳೇ ಅದರ ಜಾಗ ಹುಡುಕಲಿ.

ಮುಂದಿನ ಸಲ ಬಂದಾಗ ನಿದ್ದೆ ಪರವಾಗಿಲ್ಲ ಎಂದರು. ಹೆಡ್‌ಮೇಷ್ಟ್ರು ಗೊಣಗುತ್ತಲೇ ಸಹಿ ಹಾಕಿದ್ದಾರಂತೆ. ಒಂದು ಡೈಸ್ ನಿಜಕ್ಕೂ ಕಳೆದಿದೆ, ಪಟ್ಟಿಯಲ್ಲಿ ಬರೆದಾಗಿದೆ. ತಲೆನೋವು ಮಾತ್ರ ಹಾಗೇ ಇದೆ. ಕಣ್ಣು, ಬಿಪಿ ಎರಡೂ ತೋರಿಸಿಕೊಳ್ಳಿ ಎಂದು ಡಾಕ್ಟರ ಹತ್ತಿರ ಕಳಿಸಿದೆ.