ಸೆಕ್ರೆಟೇರಿಯಟ್ ರೇಸಿನಲ್ಲಿ ಗೆದ್ದು ಸಂತಾನದಲ್ಲಿ ಸೋತಿತೇ?

ನೀವು ಕೇಳಿರುವುದು ಎರಡು ವಿಷಯ. ಸೆಕ್ರೆಟೇರಿಯಟ್‌ನಂಥ ಕುದುರೆ ಸ್ಟಾಲಿಯನ್ (ಮರಿ ಹುಟ್ಟಿಸಲು ಸಾಕುವ ಗಂಡು ಕುದುರೆ) ಆಗಿ ಫೇಲ್ ಆಯಿತು ಅಂತ ಓದಿದ್ದೀರಿ, ಅದು ನಿಜವೇ? ಅದರ ದೊಡ್ಡ ಹೃದಯ ಹೆಣ್ಣುಮರಿಗಳ ಮೂಲಕ ಮಾತ್ರ ಮುಂದಕ್ಕೆ ಹೋಯಿತಂತೆ, ಅದೂ ನಿಜವೇ?

ಮೊದಲನೆಯದಕ್ಕೆ ನನ್ನ ಉತ್ತರ ಇಲ್ಲ ಅಂತಲೇ. ಗಂಡುಮಕ್ಕಳನ್ನು ಮಾತ್ರ ಎಣಿಸಿದರೆ ಸೋತಿತು ಅನ್ನಬಹುದು. ಹೆಣ್ಣುಮಕ್ಕಳನ್ನೂ ಲೆಕ್ಕಕ್ಕೆ ತಗೊಂಡರೆ, ಇವತ್ತು ಅಮೆರಿಕದಲ್ಲಿ ಅದರ ರಕ್ತ ಇಲ್ಲದ ದೊಡ್ಡ ರೇಸ್ ಕುದುರೆಯನ್ನು ಹುಡುಕುವುದೇ ಕಷ್ಟ. ನಾನು ಬೆಂಗಳೂರು ರೇಸ್‌ಕೋರ್ಸಿಗೆ ಹೋಗುವವನು. ದುಡ್ಡು ಕಟ್ಟುವುದಕ್ಕಿಂತ ರೇಸ್ ಬುಕ್ಕಿನಲ್ಲಿ ಪ್ರತಿ ಕುದುರೆಯ ಅಪ್ಪ-ಅಮ್ಮನ ಹೆಸರು ಓದುವ ಚಟವೇ ಜಾಸ್ತಿ. ಆ ಚಟದಿಂದ ಬಂದ ಉತ್ತರ ಇದು, ಸ್ವಲ್ಪ ಉದ್ದವಾಗುತ್ತೆ.

'ಫೇಲ್' ಅನ್ನುವ ಮಾತು ಹುಟ್ಟಿದ್ದು ನಿರೀಕ್ಷೆಯಿಂದ. 1973ರಲ್ಲಿ ಈ ಕುದುರೆ ಅಮೆರಿಕದ ಟ್ರಿಪಲ್ ಕ್ರೌನ್ ಗೆದ್ದಿತು, ಅಂದರೆ ಕೆಂಟಕಿ ಡರ್ಬಿ, ಪ್ರೀಕ್ನೆಸ್, ಬೆಲ್ಮಾಂಟ್ ಮೂರೂ ರೇಸನ್ನು ಒಂದೇ ವರ್ಷ ಗೆದ್ದಿತು. ಅದಕ್ಕೂ ಮುಂಚೆ 25 ವರ್ಷ ಯಾವ ಕುದುರೆಗೂ ಅದು ಸಿಕ್ಕಿರಲಿಲ್ಲ. ಬೆಲ್ಮಾಂಟ್ ರೇಸಿನಲ್ಲಿ ಗೆದ್ದಿದ್ದು 31 ಲೆಂಗ್ತ್ (ಒಂದು ಲೆಂಗ್ತ್ ಅಂದರೆ ಒಂದು ಕುದುರೆಯ ಉದ್ದ) ಅಂತರದಲ್ಲಿ, 2 ನಿಮಿಷ 24 ಸೆಕೆಂಡಿನಲ್ಲಿ. ಆ ಟೈಮನ್ನು ಇವತ್ತಿಗೂ ಯಾರೂ ಮುರಿದಿಲ್ಲ. ತಮಾಷೆ ಅಂದರೆ ಇದೆಲ್ಲ ಆಗುವ ಮುಂಚೆಯೇ ಕುದುರೆ ಮಾರಾಟವಾಗಿತ್ತು. ಮಾಲೀಕ ಕ್ರಿಸ್ಟೋಫರ್ ಚೆನೆರಿ 1973ರ ಜನವರಿಯಲ್ಲಿ ತೀರಿಕೊಂಡರು. ಆಸ್ತಿ ಮೇಲೆ ದೊಡ್ಡ ತೆರಿಗೆ ಬಂತು. ಮಗಳು ಪೆನ್ನಿಗೆ ದುಡ್ಡು ಬೇಕಿತ್ತು. ಕೆಂಟಕಿಯ ಕ್ಲೇಬೋರ್ನ್ ಫಾರ್ಮ್‌ನ ಸೆತ್ ಹ್ಯಾನ್‌ಕಾಕ್ ಅದೇ ಫೆಬ್ರವರಿಯಲ್ಲಿ ಫೋನ್ ಹಿಡಿದು ಕೂತು ಕುದುರೆಯನ್ನು 32 ಷೇರು ಮಾಡಿ ಮಾರಾಟ ಕುದುರಿಸಿದ. ಅವನಿಗೂ ಅಪ್ಪ ತೀರಿಕೊಂಡು ಕೆಲವೇ ತಿಂಗಳಾಗಿತ್ತು, ವಯಸ್ಸು 23. ಒಂದು ಷೇರಿಗೆ 1,90,000 ಡಾಲರ್. ಒಟ್ಟು 60.8 ಲಕ್ಷ ಡಾಲರ್, ಆ ಕಾಲಕ್ಕೆ ದಾಖಲೆ. ಷೇರು ತಗೊಂಡವರಿಗೆ ವರ್ಷಕ್ಕೊಂದು ಹೆಣ್ಣು ಕುದುರೆಯನ್ನು ಅದರ ಹತ್ತಿರ ಕಳಿಸುವ ಹಕ್ಕು. ಆ ವರ್ಷದ ಕೊನೆಗೆ ಓಟ ನಿಲ್ಲಿಸಬೇಕು ಅನ್ನುವುದೂ ಕರಾರಿನಲ್ಲಿತ್ತು. ಹಾಗಾಗಿ ನಾಲ್ಕು ವರ್ಷದ ಸೆಕ್ರೆಟೇರಿಯಟ್ ಹೇಗೆ ಓಡುತ್ತಿತ್ತು ಅನ್ನುವುದನ್ನು ಯಾರೂ ನೋಡಲೇ ಇಲ್ಲ.

ಫಾರ್ಮಿಗೆ ಬಂದ ಮೇಲೆ ಮೊದಲ ಗಾಬರಿ. ವೀರ್ಯ ಪರೀಕ್ಷೆಯಲ್ಲಿ ಜೀವಕಣಗಳು ಇನ್ನೂ ಬಲಿತಿಲ್ಲ ಅಂತ ಬಂತು. ಷೇರುದಾರರಿಗೆ ಹೇಗಾಗಿರಬೇಡ! ದುಬಾರಿ ಥರೋಬ್ರೆಡ್ (ರೇಸಿನ ತಳಿ) ಹೆಣ್ಣುಗಳನ್ನು ತರುವ ಮುಂಚೆ ಬೇರೆ ಕುದುರೆಗಳ ಮೇಲೆ ಪರೀಕ್ಷೆ ಮಾಡಿದರು. ಅದರಲ್ಲಿ ಗಬ್ಬವಾದ ಒಂದು ಅಪಲೂಸಾ ಜಾತಿಯದು, ಮೈಮೇಲೆ ಚುಕ್ಕೆ ಇರುತ್ತಲ್ಲ, ಆ ಜಾತಿ. 1974ರಲ್ಲಿ ಹುಟ್ಟಿದ ಆ ಮರಿಗೆ ಫಸ್ಟ್ ಸೆಕ್ರೆಟರಿ ಅಂತ ಹೆಸರಿಟ್ಟರು. ಜಗತ್ತಿನ ಅತಿ ದುಬಾರಿ ಸ್ಟಾಲಿಯನ್‌ನ ಮೊದಲ ಮಗ ರೇಸಿಗೇ ಸೇರದ ಮಿಶ್ರ ತಳಿಯದು.

ಆಮೇಲೆ ಬೆಲೆಯ ಹುಚ್ಚು ಶುರುವಾಯಿತು. 1976ರ ಜುಲೈನಲ್ಲಿ ಕೀನ್‌ಲ್ಯಾಂಡ್ ಹರಾಜಿಗೆ ಅದರ ಒಂದು ವರ್ಷದ ಗಂಡುಮರಿ ಬಂತು. ಹೆಸರು ಕೆನೇಡಿಯನ್ ಬೌಂಡ್. ಯುರೋಪ್, ಅಮೆರಿಕ ಎರಡೂ ಕಡೆ ಗೆದ್ದ ಡಾಲಿಯಾಳ ತಾಯಿಯೇ ಇದರ ತಾಯಿ. 15 ಲಕ್ಷ ಡಾಲರಿಗೆ ಹೋಯಿತು. ಒಂದು ವರ್ಷದ ಮರಿ ಹತ್ತು ಲಕ್ಷ ದಾಟಿದ್ದು ಅದೇ ಮೊದಲು. ಇಷ್ಟೆಲ್ಲ ಆಗಿ ಅದು ಒಂದು ರೇಸನ್ನೂ ಗೆಲ್ಲಲಿಲ್ಲ. ಪತ್ರಿಕೆಯವರಿಗೆ ಇನ್ನೇನು ಬೇಕು? ಸೆಕ್ರೆಟೇರಿಯಟ್ ಮಕ್ಕಳು ಬರೀ ದುಬಾರಿ ಅನ್ನುವ ಹಣೆಪಟ್ಟಿ ಆವಾಗಲೇ ಅಂಟಿತು.

ಮಕ್ಕಳು ನಿಜವಾಗಿ ಅಷ್ಟು ಕೆಟ್ಟವರಾ ನೋಡಿ. ಜನರಲ್ ಅಸೆಂಬ್ಲಿ 1979ರಲ್ಲಿ ಸರಟೋಗಾದ ಟ್ರಾವರ್ಸ್ ರೇಸನ್ನು 2 ನಿಮಿಷಕ್ಕೆ ಸರಿಯಾಗಿ ಮುಗಿಸಿತು. ಆ ದಾಖಲೆ 2016ರವರೆಗೆ ಉಳಿಯಿತು. ಲೇಡೀಸ್ ಸೀಕ್ರೆಟ್ ಅನ್ನುವ ಪುಟ್ಟ ಬೂದು ಹೆಣ್ಣು 45 ರೇಸಿನಲ್ಲಿ 25 ಗೆದ್ದು, 1986ರಲ್ಲಿ ಗಂಡು ಕುದುರೆಗಳನ್ನೆಲ್ಲ ಬಿಟ್ಟು ತಾನೇ ವರ್ಷದ ಕುದುರೆ ಅನ್ನಿಸಿಕೊಂಡಿತು. 1988ರಲ್ಲಿ ರೈಸನ್ ಸ್ಟಾರ್ ಪ್ರೀಕ್ನೆಸ್ ಮತ್ತು ಬೆಲ್ಮಾಂಟ್ ಗೆದ್ದಿತು, ಬೆಲ್ಮಾಂಟನ್ನು ಸುಮಾರು 15 ಲೆಂಗ್ತ್‌ನಲ್ಲಿ. ಆಸ್ಟ್ರೇಲಿಯಾದಲ್ಲಿ ಕಿಂಗ್‌ಸ್ಟನ್ ರೂಲ್ 1990ರ ಮೆಲ್ಬರ್ನ್ ಕಪ್ಪನ್ನು ದಾಖಲೆ ಟೈಮಿನಲ್ಲಿ ಗೆದ್ದಿತು. ಕೊನೇ ವರ್ಷದ ಮರಿಗಳಲ್ಲಿ ಒಂದಾದ ಟಿನ್ನರ್ಸ್ ವೇ 1994, 1995 ಎರಡೂ ವರ್ಷ ಪೆಸಿಫಿಕ್ ಕ್ಲಾಸಿಕ್ ಗೆದ್ದಿತು. ಒಟ್ಟು 650ಕ್ಕೂ ಹೆಚ್ಚು ಮರಿಗಳಲ್ಲಿ 50ಕ್ಕೂ ಹೆಚ್ಚು ಮರಿಗಳು ಸ್ಟೇಕ್ಸ್ ರೇಸ್, ಅಂದರೆ ಮೇಲ್ಮಟ್ಟದ ರೇಸ್, ಗೆದ್ದವು. ಬೇರೆ ಯಾವ ಸ್ಟಾಲಿಯನ್ ಹೆಸರಲ್ಲಿ ಈ ಲೆಕ್ಕ ಇದ್ದಿದ್ದರೂ 'ಒಳ್ಳೆಯ ಕುದುರೆ' ಅಂತಿದ್ದರು. ಇದಕ್ಕೆ ಮಾತ್ರ ಇನ್ನೊಂದು ಸೆಕ್ರೆಟೇರಿಯಟ್ ಹುಟ್ಟಿಸಲಿಲ್ಲ ಅಂತ ಬೈಗುಳ.

ಇಲ್ಲಿ ಕಾಲದ ಲೆಕ್ಕವೂ ಇದೆ. ಥರೋಬ್ರೆಡ್‌ಗಳಲ್ಲಿ ಕೃತಕ ಗರ್ಭಧಾರಣೆಗೆ ಅವಕಾಶ ಇಲ್ಲ. ಅಮೆರಿಕ ಆಗಲಿ, ನಮ್ಮ ಕುಣಿಗಲ್ ಸ್ಟಡ್ ಫಾರ್ಮ್ ಆಗಲಿ, ಗಂಡು ಹೆಣ್ಣು ಎದುರಾಬದುರು ಸೇರಲೇಬೇಕು. ಸೆಕ್ರೆಟೇರಿಯಟ್ ಕಾಲದಲ್ಲಿ ಒಂದು ಸೀಸನ್ನಿಗೆ ನಲವತ್ತು ಚಿಲ್ಲರೆ ಹೆಣ್ಣು ಕುದುರೆ ಅಂದರೆ ತುಂಬಿದ ಪಟ್ಟಿ. ಇವತ್ತು ಬೇಡಿಕೆ ಇರುವ ಸ್ಟಾಲಿಯನ್ ಹತ್ತಿರ 200ಕ್ಕೂ ಹೆಚ್ಚು ಬರುತ್ತವೆ. ಸೆಕ್ರೆಟೇರಿಯಟ್ 16 ವರ್ಷ ಮಾಡಿದ ಕೆಲಸವನ್ನು ಈಗಿನವು ಮೂರ್ನಾಲ್ಕು ವರ್ಷದಲ್ಲೇ ಮುಗಿಸುತ್ತವೆ. ಹಾಗಾಗಿ ಆಗಿನ ಮರಿಗಳ ಸಂಖ್ಯೆಯನ್ನು ಈಗಿನದರ ಪಕ್ಕ ಇಡುವುದು ನ್ಯಾಯ ಅಲ್ಲ.

ಒಪ್ಪಿಕೊಳ್ಳಬೇಕಾದ ಸೋಲೂ ಒಂದಿದೆ. ಅದರ ಗಂಡುಮಕ್ಕಳಲ್ಲಿ ಒಂದೂ ದೊಡ್ಡ ಸ್ಟಾಲಿಯನ್ ಆಗಲಿಲ್ಲ. ರೈಸನ್ ಸ್ಟಾರ್ ಮೇಲೆ ಆಸೆ ಇಟ್ಟಿದ್ದರು, ಅದೂ ಏನೂ ಮಾಡಲಿಲ್ಲ. ಅಪ್ಪನಿಂದ ಮಗ, ಮಗನಿಂದ ಮೊಮ್ಮಗ ಅಂತ ಹೋಗುವ ಗಂಡು ಸಾಲು ಹೆಚ್ಚುಕಡಿಮೆ ಆರಿಹೋಯಿತು. ರೇಸಿನ ಜಗತ್ತು ಸ್ಟಾಲಿಯನ್‌ಗಳನ್ನು ಅಳೆಯುವುದು ಈ ಸಾಲಿನಿಂದಲೇ. ಅದಕ್ಕೇ ಈ ಕೆಟ್ಟ ಹೆಸರು ಇನ್ನೂ ಹೋಗಿಲ್ಲ. ನಮ್ಮ ಹಳ್ಳಿಗಳಲ್ಲಿ ಬೀಜದ ಹೋರಿಯ ಬೆಲೆ ತಿಳಿಯಬೇಕಾದರೆ ಅದರ ಹೆಣ್ಣುಕರು ಬೆಳೆದು, ಈದು, ಹಾಲು ಕೊಡುವವರೆಗೆ ಕಾಯಬೇಕು. ಸೆಕ್ರೆಟೇರಿಯಟ್ ವಿಷಯದಲ್ಲೂ ಹಾಗೇ ಆಯಿತು, ಜನ ಕಾಯಲಿಲ್ಲ ಅಷ್ಟೇ.

ಮೂರು ಹೆಣ್ಣುಮಕ್ಕಳ ಹೆಸರು ನೆನಪಿಟ್ಟುಕೊಳ್ಳಿ: ಟರ್ಲಿಂಗ್ವಾ, ಸೀಕ್ರೆಟೇಮ್, ವೀಕೆಂಡ್ ಸರ್ಪ್ರೈಸ್.

ಟರ್ಲಿಂಗ್ವಾಳ ಮಗ ಸ್ಟಾರ್ಮ್ ಕ್ಯಾಟ್. ಎರಡು ವರ್ಷದ ಕುದುರೆಗಳ ದೊಡ್ಡ ರೇಸಾದ 1985ರ ಬ್ರೀಡರ್ಸ್ ಕಪ್ ಜುವೆನೈಲ್‌ನಲ್ಲಿ ಮೂಗಿನಷ್ಟು ಅಂತರದಲ್ಲಿ ಸೋತಿದ್ದು. ಸ್ಟಡ್ ಫಾರ್ಮಿಗೆ ಬಂದಾಗ ಅದರ ಮೇಲೆ ಯಾರಿಗೂ ಅಂಥ ಮೋಹ ಇರಲಿಲ್ಲ. ಮುಂದೆ ಅದರ ಶುಲ್ಕ ಒಂದು ಮರಿಗೆ 5 ಲಕ್ಷ ಡಾಲರ್ ಮುಟ್ಟಿತು. ಸೀಕ್ರೆಟೇಮ್‌ಳ ಮಗ ಗಾನ್ ವೆಸ್ಟ್. ಇದರ ಅಪ್ಪ ಮಿಸ್ಟರ್ ಪ್ರಾಸ್ಪೆಕ್ಟರ್. ಅದೂ ಸೆಕ್ರೆಟೇರಿಯಟ್ ಹುಟ್ಟಿದ 1970ರಲ್ಲೇ ಹುಟ್ಟಿದ್ದು. ಓಟದಲ್ಲಿ ಟ್ರಿಪಲ್ ಕ್ರೌನಿನ ಒಂದು ರೇಸನ್ನೂ ಗೆಲ್ಲದ ಕುದುರೆ ಅದು. ಸ್ಟಾಲಿಯನ್ ಆಗಿ ಮಾತ್ರ ಎಲ್ಲರನ್ನೂ ಹಿಂದೆ ಹಾಕಿತು. ಓಟಗಾರ ಬೇರೆ, ಅಪ್ಪ ಬೇರೆ ಅನ್ನುವುದಕ್ಕೆ ಈ ಒಂದು ಉದಾಹರಣೆ ಸಾಕು.

ನನಗೆ ಜಾಸ್ತಿ ಇಷ್ಟ ಮಾತ್ರ ವೀಕೆಂಡ್ ಸರ್ಪ್ರೈಸ್‌ಳ ಕಥೆ. ಅವಳ ಒಬ್ಬ ಮಗ ಸಮ್ಮರ್ ಸ್ಕ್ವಾಲ್ 1990ರ ಪ್ರೀಕ್ನೆಸ್ ಗೆದ್ದ. ಇನ್ನೊಬ್ಬ ಎ.ಪಿ. ಇಂಡಿ 1992ರ ಬೆಲ್ಮಾಂಟ್ ಮತ್ತು ಬ್ರೀಡರ್ಸ್ ಕಪ್ ಕ್ಲಾಸಿಕ್ ಗೆದ್ದು ವರ್ಷದ ಕುದುರೆಯಾದ. ಅದೇ ವರ್ಷ ಸೆಕ್ರೆಟೇರಿಯಟ್ 'ತಾಯಿಯ ತಂದೆ' ಪಟ್ಟಿಯಲ್ಲಿ, ಅಂದರೆ ಹೆಣ್ಣುಮಕ್ಕಳ ಮರಿಗಳ ಗಳಿಕೆಯ ಲೆಕ್ಕದಲ್ಲಿ, ಅಮೆರಿಕಕ್ಕೇ ಮೊದಲು. ಆದರೆ ಅದನ್ನು ನೋಡಲು ಅದು ಇರಲಿಲ್ಲ. 1989ರ ಅಕ್ಟೋಬರ್ 4ರಂದು, ಗೊರಸಿನ ಒಳಭಾಗ ಊದಿಕೊಳ್ಳುವ ಲ್ಯಾಮಿನೈಟಿಸ್ ವಾಸಿಯಾಗದೆ ದಯಾಮರಣ ಕೊಡಿಸಿದ್ದರು.

ಎ.ಪಿ. ಇಂಡಿಯ ಅಪ್ಪ ಸಿಯಾಟಲ್ ಸ್ಲೂ, 1977ರ ಟ್ರಿಪಲ್ ಕ್ರೌನ್ ವಿಜೇತ. ಸಿಯಾಟಲ್ ಸ್ಲೂನ ಅಪ್ಪ ಬೋಲ್ಡ್ ರೀಸನಿಂಗ್, ಅದರ ಅಪ್ಪ ಬೋಲ್ಡ್‌ನೇಸಿಯನ್, ಅದರ ಅಪ್ಪ ಬೋಲ್ಡ್ ರೂಲರ್. ಸೆಕ್ರೆಟೇರಿಯಟ್‌ನ ಅಪ್ಪನೂ ಅದೇ ಬೋಲ್ಡ್ ರೂಲರ್! ಬೋಲ್ಡ್‌ನೇಸಿಯನ್ 1966ರ ಸಾಂಟಾ ಅನಿಟಾ ಡರ್ಬಿ ಬಿಟ್ಟರೆ ದೊಡ್ಡದೇನೂ ಗೆದ್ದಿದ್ದಲ್ಲ. ಎಲ್ಲರೂ ಬೋಲ್ಡ್ ರೂಲರ್ ವಂಶವನ್ನು ಸೆಕ್ರೆಟೇರಿಯಟ್ ಉಳಿಸುತ್ತೆ ಅಂತ ಕಾದರು. ಗಂಡು ಸಾಲು ಉಳಿಸಿದ್ದು ಯಾರೂ ಕೇಳದ ಈ ಅಣ್ಣ. ಎರಡು ಕವಲೂ ಎ.ಪಿ. ಇಂಡಿಯಲ್ಲಿ ಮತ್ತೆ ಸೇರಿದವು, ಒಂದು ಅಪ್ಪನ ಕಡೆಯಿಂದ, ಇನ್ನೊಂದು ಅಮ್ಮನ ಕಡೆಯಿಂದ. ಎ.ಪಿ. ಇಂಡಿಯ ಮಗ ಪುಲ್ಪಿಟ್, ಪುಲ್ಪಿಟ್‌ನ ಮಗ ಟ್ಯಾಪಿಟ್. ಟ್ಯಾಪಿಟ್ 2014ರಿಂದ 2016ರವರೆಗೆ ಸತತ ಮೂರು ವರ್ಷ ಅಮೆರಿಕದ ನಂಬರ್ ಒನ್ ಸ್ಟಾಲಿಯನ್.

ಇನ್ನೊಂದು ಸಣ್ಣ ವಿಷಯ, ಸುಮ್ನೆ ಖುಷಿಗೆ. 1974ರಲ್ಲಿ ಹೆಣ್ಣು ಕುದುರೆಗಳ ಟ್ರಿಪಲ್ ಕ್ರೌನ್ ಗೆದ್ದ ಕ್ರಿಸ್ ಎವರ್ಟ್‌ಗೂ ಸೆಕ್ರೆಟೇರಿಯಟ್‌ಗೂ ಒಂದು ಮಗಳು ಹುಟ್ಟಿದಳು. ಅಪ್ಪನ ಮೂರು ಕಿರೀಟ, ಅಮ್ಮನ ಮೂರು, ಅದಕ್ಕೇ ಹೆಸರು ಸಿಕ್ಸ್ ಕ್ರೌನ್ಸ್. ಅವಳ ಮಗ ಚೀಫ್ಸ್ ಕ್ರೌನ್ 1984ರಲ್ಲಿ ಇತಿಹಾಸದ ಮೊಟ್ಟಮೊದಲ ಬ್ರೀಡರ್ಸ್ ಕಪ್ ರೇಸ್ ಗೆದ್ದ.

ಹೆಣ್ಣುಮಕ್ಕಳೇ ಯಾಕೆ? ನನಗೆ ಅನಿಸುವ ಮೊದಲ ಕಾರಣ ತೀರಾ ಸಾದಾ. 1,90,000 ಡಾಲರ್ ಕೊಟ್ಟವನು ಸುಮಾರಾದ ಹೆಣ್ಣು ಕುದುರೆಯನ್ನು ಕಳಿಸುತ್ತಾನಾ? ದೇಶದ ಅತ್ಯುತ್ತಮ ತಾಯಂದಿರೇ ಹೋದರು. ಅವರ ಹೆಣ್ಣುಮರಿಗಳು ದುಡ್ಡಿರುವ, ತಾಳ್ಮೆ ಇರುವ ಮನೆಗಳಲ್ಲೇ ಉಳಿದವು. ಮುಂದೆ ಅವು ಒಳ್ಳೊಳ್ಳೆ ಸ್ಟಾಲಿಯನ್‌ಗಳ ಹತ್ತಿರ ಹೋದವು. ಗಂಡುಮರಿಗೆ ಸಿಗುವುದು ಒಂದೆರಡು ವರ್ಷದ ಅವಕಾಶ, ಮೊದಲ ಮರಿಗಳು ಓಡಲಿಲ್ಲ ಅಂದರೆ ಕಥೆ ಮುಗೀತು. ಹೆಣ್ಣಿಗೆ ಹತ್ತು ಹನ್ನೆರಡು ಮರಿಗಳ ಕಾಲಾವಕಾಶ ಇರುತ್ತೆ. ಎರಡನೆಯದು, ಸೆಕ್ರೆಟೇರಿಯಟ್‌ನ ತಾಯಿಯ ಅಪ್ಪ ಪ್ರಿನ್ಸ್‌ಕ್ವಿಲೋ. ಅದೂ ಹೆಣ್ಣುಮಕ್ಕಳ ಮೂಲಕ ದೊಡ್ಡ ಹೆಸರು ಮಾಡಿದ್ದು, ದೂರದ ಓಟಕ್ಕೆ ಬೇಕಾದ ದಮ್ಮು ಕೊಡುವ ರಕ್ತ. ಹಾಗಂತ ಎಲ್ಲ ಹೆಣ್ಣುಮಕ್ಕಳೂ ಒಳ್ಳೆ ತಾಯಂದಿರಾಗಲಿಲ್ಲ. ಓಟದಲ್ಲಿ ಎಲ್ಲರಿಗಿಂತ ದೊಡ್ಡವಳಾದ ಲೇಡೀಸ್ ಸೀಕ್ರೆಟ್ ತಾಯಿಯಾಗಿ ನಿರಾಸೆಯನ್ನೇ ಕೊಟ್ಟಳು.

ಈಗ ಹೃದಯದ ವಿಷಯ. ಸತ್ತ ಮೇಲೆ ಪರೀಕ್ಷೆ ಮಾಡಿದ ಪಶುವೈದ್ಯ ಥಾಮಸ್ ಸ್ವೆರ್ಚೆಕ್ ಅಷ್ಟು ದೊಡ್ಡ ಹೃದಯ ಕಂಡು ದಂಗಾದರು. ರೋಗ ಇಲ್ಲ, ಊತ ಇಲ್ಲ, ಆರೋಗ್ಯವಾಗೇ ಇತ್ತು, ಗಾತ್ರ ಮಾತ್ರ ಎರಡರಷ್ಟು. ಆದರೆ ಅದನ್ನು ತೂಕ ಹಾಕಲಿಲ್ಲ. ಹತ್ತು ಕೆಜಿ ಇತ್ತು ಅಂತ ಎಲ್ಲ ಕಡೆ ಬರೆಯುತ್ತಾರಲ್ಲ, ಅದು ಬರೀ ಅಂದಾಜು. ಆಮೇಲೆ 1993ರಲ್ಲಿ ಶ್ಯಾಮ್ ಸತ್ತಿತು. 1973ರ ಕೆಂಟಕಿ ಡರ್ಬಿ ಮತ್ತು ಪ್ರೀಕ್ನೆಸ್‌ನಲ್ಲಿ ಸೆಕ್ರೆಟೇರಿಯಟ್ ಹಿಂದೆ ಎರಡನೆಯದಾಗಿ ಬಂದ ಕುದುರೆ ಅದು. ಅದರ ಹೃದಯವನ್ನು ಸ್ವೆರ್ಚೆಕ್ ತೂಗಿದರು, ಸುಮಾರು 8 ಕೆಜಿ. ಸೆಕ್ರೆಟೇರಿಯಟ್‌ನದು ಇದಕ್ಕಿಂತ ದೊಡ್ಡದಿತ್ತಲ್ಲ ಅಂತ ಹತ್ತು ಕೆಜಿ ಲೆಕ್ಕ ಹಾಕಿದರು. ಸಾಧಾರಣ ಕುದುರೆಯದು ನಾಲ್ಕು ಕೆಜಿ ಆಸುಪಾಸು. ಶ್ಯಾಮ್‌ನ ತಾಯಿಯ ಅಪ್ಪನೂ ಪ್ರಿನ್ಸ್‌ಕ್ವಿಲೋ!

ಇದರ ಮೇಲೆ ಒಂದು ವಾದ ಬೆಳೆಯಿತು. ದೊಡ್ಡ ಹೃದಯದ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಅಪ್ಪ ಮಗನಿಗೆ ಕೊಡುವುದು ವೈ, ಮಗಳಿಗೆ ಎಕ್ಸ್. ಆದ್ದರಿಂದ ಹೃದಯ ಮಗಳಿಗಷ್ಟೇ ಹೋಗುತ್ತೆ ಅಂತ. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ಅಂಥ ಜೀನ್ ಇದೆ ಅಂತ ಯಾರೂ ಸಾಬೀತು ಮಾಡಿಲ್ಲ. ನನಗೆ ಇನ್ನೊಂದು ತಕರಾರೂ ಇದೆ. ಎಲ್ಲವೂ ಎಕ್ಸ್‌ನಲ್ಲೇ ಇದ್ದಿದ್ದರೆ ಎ.ಪಿ. ಇಂಡಿ ತನ್ನ ಮಗ ಪುಲ್ಪಿಟ್‌ಗೆ ಅದನ್ನು ಕೊಡೋಕಾಗ್ತಿರಲಿಲ್ಲ, ಪುಲ್ಪಿಟ್ ಟ್ಯಾಪಿಟ್‌ಗೂ ಕೊಡೋಕಾಗ್ತಿರಲಿಲ್ಲ. ಆ ಸಾಲು ನೋಡಿದರೆ ಮಗನಿಂದ ಮಗನಿಗೇ ಗಟ್ಟಿಯಾಗಿ ಸಾಗಿದೆ. ಸ್ಟಾರ್ಮ್ ಕ್ಯಾಟ್‌ನದೂ ಅಷ್ಟೇ. ದೊಡ್ಡ ಹೃದಯ ಇತ್ತು ಅನ್ನುವುದನ್ನು ನಂಬುತ್ತೇನೆ, ಅದೊಂದೇ ವಂಶವನ್ನು ಎತ್ತಿ ಹಿಡಿಯಿತು ಅನ್ನುವುದನ್ನು ನಂಬಲ್ಲ.

ನಿಮಗೆ ನೀವೇ ಹುಡುಕಿ ನೋಡಬೇಕು ಅನಿಸಿದರೆ ಹಳೇ ಕುದುರೆ ಬೇಡ, 2025ರ ಕೆಂಟಕಿ ಡರ್ಬಿ ತಗೊಳ್ಳಿ. ಅದರಲ್ಲಿ ಓಡಿದ ಎಲ್ಲ ಕುದುರೆಗಳ ವಂಶಾವಳಿಯಲ್ಲೂ ಸೆಕ್ರೆಟೇರಿಯಟ್ ಇದೆ ಅಂತ ಆವಾಗ ದೊಡ್ಡ ಸುದ್ದಿಯಾಗಿತ್ತು. ಗೆದ್ದ ಸಾವರಿನ್‌ಟಿಯದನ್ನೇ ತೆಗೆಯಿರಿ. ಅಪ್ಪನ ಕಡೆ ಇನ್‌ಟು ಮಿಸ್‌ಚೀಫ್, ಹಾರ್ಲನ್ಸ್ ಹಾಲಿಡೇ, ಹಾರ್ಲನ್, ಸ್ಟಾರ್ಮ್ ಕ್ಯಾಟ್, ಅದರ ತಾಯಿ ಟರ್ಲಿಂಗ್ವಾ. ಅಮ್ಮನ ಕಡೆ ಕ್ರೌನ್ಡ್, ಅವಳ ಅಪ್ಪ ಬರ್ನಾರ್ಡಿನಿ, ಅದರ ಅಪ್ಪ ಎ.ಪಿ. ಇಂಡಿ, ಅದರ ತಾಯಿ ವೀಕೆಂಡ್ ಸರ್ಪ್ರೈಸ್. ಆಮೇಲೆ 2015ರ ಅಮೆರಿಕನ್ ಫೇರೋ, 2018ರ ಜಸ್ಟಿಫೈ, ಈ ಎರಡು ಟ್ರಿಪಲ್ ಕ್ರೌನ್ ಕುದುರೆಗಳನ್ನೂ ಹಾಗೇ ಬಿಡಿಸಿ ನೋಡಿ. ಎರಡರಲ್ಲೂ ಸ್ಟಾರ್ಮ್ ಕ್ಯಾಟ್ ಸಿಗುತ್ತೆ, ಜಸ್ಟಿಫೈ ತಾಯಿಯ ಕಡೆಯಲ್ಲಿ ಪುಲ್ಪಿಟ್ ಕೂಡ.