‘ವಾರ್ ಆಫ್ ದಿ ಆರೋಸ್’ ಸಿನಿಮಾದಲ್ಲಿ ಬರುವ ಗಿಡ್ಡ ಬಾಣ ನಿಜವಾಗಲೂ ಇತ್ತಾ?

ಇತ್ತು, ಸುಮ್ನೆ ಕಟ್ಟಿದ್ದಲ್ಲ. 2011ರ ಈ ಕೊರಿಯನ್ ಸಿನಿಮಾದ ಕಥೆ ನಡೆಯುವುದು 1636ರಲ್ಲಿ, ಈಶಾನ್ಯ ಚೀನಾ ಕಡೆಯ ಮಂಚು ಸೇನೆ ಜೋಸನ್ ರಾಜ್ಯಕ್ಕೆ, ಅಂದರೆ ಆಗಿನ ಕೊರಿಯಾಕ್ಕೆ, ನುಗ್ಗಿದಾಗ. ಮದುವೆ ದಿನವೇ ತಂಗಿಯನ್ನು ಎಳೆದೊಯ್ಯುತ್ತಾರೆ, ಅಣ್ಣ ಬಿಲ್ಲು ಹಿಡಿದು ಬೆನ್ನಟ್ಟುತ್ತಾನೆ.

ಆ ಬಾಣದ ಹೆಸರು ಪ್ಯೊಂಜೊನ್. ಮಾಮೂಲಿ ಬಾಣದ ಹೆಚ್ಚುಕಡಿಮೆ ಅರ್ಧ ಉದ್ದ. ಹಾಗೇ ಹೂಡಿದರೆ, ಹೆದೆ ಪೂರ್ತಿ ಎಳೆಯುವ ಮೊದಲೇ ಅದರ ತುದಿ ಬಿಲ್ಲಿನಿಂದ ಈಚೆಗೆ ಜಾರಿಬಿಡುತ್ತದೆ. ಅದಕ್ಕೇ ಉದ್ದಕ್ಕೆ ಸೀಳಿದ ಬಿದಿರಿನ ಕೊಳವೆಯಲ್ಲಿಟ್ಟು ಎಳೆಯುತ್ತಾರೆ. ಬಿಟ್ಟಾಗ ಬಾಣ ಹಾರುತ್ತದೆ, ಕೊಳವೆ ಬಿಲ್ಲುಗಾರನ ಹತ್ತಿರವೇ ಉಳಿಯುತ್ತದೆ. ಹಗುರವಾದ್ದರಿಂದ ವೇಗ ಜಾಸ್ತಿ, ಕಣ್ಣಿಗೆ ಬೀಳುವುದೂ ಕಷ್ಟ. ಶತ್ರು ಅದನ್ನು ಎತ್ತಿಕೊಂಡರೂ ಕೊಳವೆ ಇಲ್ಲದೆ ತಿರುಗಿ ಹೊಡೆಯಲಾಗದು, ಅಲ್ವಾ?

ಬಾಣ ಗಾಳಿಯಲ್ಲೇ ಬಾಗಿ ತಿರುಗಿ ಹೋಗಿ ಬಡಿಯುವುದು ಮಾತ್ರ ಸಿನಿಮಾದವರ ಬುರುಡೆ.