ಎಫ್‌ಎಯಲ್ಲಿ ಎ, ಎಸ್‌ಎಯಲ್ಲಿ ಬಿ: ಮೊದಲು ಪೇಪರ್ ನೋಡಿ

ನಿಮ್ಮ ಆರನೇ ಕ್ಲಾಸಿನ ಮಗನಿಗೆ ಗಣಿತದಲ್ಲಿ ಎಫ್‌ಎ-2ಕ್ಕೆ (ಪಾಠದ ನಡುವೆ ಮಾಡುವ ರೂಪಣಾತ್ಮಕ ಮೌಲ್ಯಮಾಪನ) ಎ, ಎಸ್‌ಎ-1ಕ್ಕೆ (ಸಂಕಲನಾತ್ಮಕ ಮೌಲ್ಯಮಾಪನ) ಬಿ ಬಂದಿರುವುದು ಬಹುಶಃ ಅವನು ಓದುವುದು ಬಿಟ್ಟಿದ್ದಕ್ಕಲ್ಲ. ಎಫ್‌ಎಯಲ್ಲಿ ಪ್ರಾಜೆಕ್ಟ್, ಚಟುವಟಿಕೆಗೂ ಅಂಕ ಸೇರುತ್ತದೆ. ಎಸ್‌ಎ-1 ಅಂದರೆ ಅರ್ಧ ವರ್ಷದ ಪಾಠದ ಮೇಲೆ ಪರೀಕ್ಷೆ.

ಮೊದಲು ಗ್ರೇಡ್ ಬಿಟ್ಟು ಅಂಕ ಕೇಳಿ. ನಮ್ಮ ರಾಜ್ಯದ ಲೆಕ್ಕದಲ್ಲಿ ನೂರಕ್ಕೆ 30ರಿಂದ 49 ಬಿ, 50 ಮುಟ್ಟಿದರೆ ಬಿ ಪ್ಲಸ್. 48 ಬಂದಿದ್ದರೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, 31 ಆದರೆ ಬೇರೆ ಮಾತು.

ಆಮೇಲೆ ಉತ್ತರ ಪತ್ರಿಕೆ ತೋರಿಸಲು ಹೇಳಿ. ಖಾಲಿ ಬಿಟ್ಟಿದ್ದಾನಾ, ತಪ್ಪು ಮಾಡಿದ್ದಾನಾ ನೋಡಿ, ಎರಡೂ ಒಂದೇ ಅಲ್ಲ. ನನ್ನ ಮಗಳು 3/4 + 1/4 = 4/8 ಅಂತ ಬರೆದಿದ್ದಳು, ಪುಟದ ತುಂಬ ಅದೇ ಒಂದು ತಪ್ಪು! ಅಕ್ಕಿ ರೊಟ್ಟಿಯನ್ನು ನಾಲ್ಕು ತುಂಡು ಮಾಡಿ, ಮುಕ್ಕಾಲಿಗೆ ಕಾಲು ಸೇರಿಸಿದರೆ ಅರ್ಧ ರೊಟ್ಟಿ ಹೇಗೆ ಆಗುತ್ತದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ರೊಟ್ಟಿ ನೋಡಿದಳು, ನಕ್ಕಳು, ಅಷ್ಟೇ.

ಖಾಲಿ ಬಿಟ್ಟಿರುವುದೇ ಜಾಸ್ತಿ ಇದ್ದರೆ ಅವು ಯಾವ ಪಾಠದ ಪ್ರಶ್ನೆಗಳು ಅಂತ ಗುರುತು ಹಾಕಿ. ಖಚಿತವಾಗಿ ಹೇಳಲಾರೆ, ಆದರೆ ನಮ್ಮ ಕೊಡಗಿನಲ್ಲಿ ಜುಲೈ, ಆಗಸ್ಟ್‌ನ ಮಳೆ ರಜೆಯಲ್ಲಿ ತಪ್ಪಿಹೋದ ಪಾಠ ಆಮೇಲೆ ಗಡಿಬಿಡಿಯಲ್ಲಿ ಮುಗಿದಿರುವ ಸಾಧ್ಯತೆ ಇದೆ, ಹಾಗಾಗಿ ಆ ಪಾಠಗಳ ಹೆಸರು ಬರೆದುಕೊಂಡು ಹೋಗಿ ಗಣಿತದ ಟೀಚರ್ ಹತ್ತಿರ ಅದನ್ನೇ ಕೇಳಿ. "ಹೇಗಿದ್ದಾನೆ?" ಅಂದರೆ "ಪರವಾಗಿಲ್ಲ" ಅನ್ನುವ ಉತ್ತರವಷ್ಟೇ ಸಿಗುವುದು.